ಒಂದು ಚೀಲ ಯೂರಿಯಾದ ಹಿಂದಿನ ಕಥೆ

2025ರ ಮುಂಗಾರಿನಲ್ಲಿ ರಾಜ್ಯದ ಎಷ್ಟೋ ಕಡೆ ರೈತರು ಯೂರಿಯಾಗೆ ಕ್ಯೂ ನಿಂತದ್ದು ಎಲ್ಲರಿಗೂ ನೆನಪಿದೆ. ಪೈರು ಎದ್ದು ನಿಂತಿತ್ತು, ಮೇಲುಗೊಬ್ಬರದ ಹೊತ್ತಾಗಿತ್ತು, ಅಂಗಡೀಲಿ ಚೀಲ ಇರಲಿಲ್ಲ. ಅವತ್ತಿಂದ ಒಂದು ಪ್ರಶ್ನೆ ನನ್ನ ತಲೇಲಿ ಕೂತಿದೆ. ನಮ್ಮ ತಾತಂದಿರ ಕಾಲದಲ್ಲಿ ಈ ಚೀಲವೇ ಇರಲಿಲ್ಲ. ಇವತ್ತು ಹದಿನೈದು ದಿನ ಚೀಲ ಬರದಿದ್ರೆ ಇಡೀ ಸೀಮೆ ಕಂಗಾಲಾಗುತ್ತೆ. ನಡುವೆ ಏನಾಯ್ತು?

"ವಿಜ್ಞಾನಿಗಳು ಹೇಳಿದ್ರು, ನಾವು ತಿಪ್ಪೆ ಬಿಟ್ವಿ" ಅಂತ ಸುಮಾರು ಜನ ಹೇಳ್ತಾರೆ. ಹಳೇದನ್ನೆಲ್ಲ ಒಂದೊಂದಾಗಿ ಓದಿಕೊಂಡು ಬಂದ ಮೇಲೆ ನನಗೆ ಅದು ಸರಿ ಅನ್ನಿಸ್ತಿಲ್ಲ. ತಿಪ್ಪೆ ಬಿಡಿ ಅಂತ ನಮ್ಮ ನಾಡಿನ ಮಣ್ಣಿನ ವಿಜ್ಞಾನ ಹೇಳಿದ್ದು ನನಗೆಲ್ಲೂ ಕಾಣಲಿಲ್ಲ. ಬಿಡಿಸಿದ್ದು ಬೇರೆ ಸಂಗತಿಗಳು.

ಮೊದಲು ಸಾರಜನಕದ ವಿಷಯ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದೆ. ಆದ್ರೆ ರಾಗಿ, ಭತ್ತ, ಜೋಳ ಅದನ್ನ ನೇರವಾಗಿ ತಗೊಳ್ಳೋಕೆ ಆಗಲ್ಲ. ಯಾರಾದ್ರೂ ಅದನ್ನ ಅಮೋನಿಯಾ ಅಥವಾ ನೈಟ್ರೇಟ್ ರೂಪಕ್ಕೆ ತಂದು ಕೊಡಬೇಕು. ಆ ಕೆಲಸ ಮಾಡೋದು ಮುಖ್ಯವಾಗಿ ಮಣ್ಣಿನ ಬ್ಯಾಕ್ಟೀರಿಯಾ. ಅದರಲ್ಲೂ ದ್ವಿದಳ ಬೆಳೆಗಳ ಬೇರುಗಂಟಲ್ಲಿ ಕೂತಿರೋ ಬ್ಯಾಕ್ಟೀರಿಯಾ. ಅವರೆ, ತೊಗರಿ, ಅಲಸಂದೆ ಗಿಡ ಕಿತ್ತು ನೋಡಿ, ಗಂಟು ಕಾಣುತ್ತೆ. ಗಂಟು ಸೀಳಿದಾಗ ಒಳಗೆ ನಸುಗೆಂಪು ಇದ್ರೆ ಕೆಲಸ ನಡೀತಿದೆ ಅಂತ ಅರ್ಥ.

ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಆದ್ರೆ ಲೆಕ್ಕ ಗೊತ್ತಿತ್ತು. ರಾಗಿ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಜೊತೆಗೆ ಹುಚ್ಚೆಳ್ಳು. ಬೇಸಿಗೇಲಿ ಕೆರೆ ಗೋಡು ಹೊಡೆಯೋದು. ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋದು. ಗದ್ದೆಗೆ ಹೊಂಗೆ ಸೊಪ್ಪು ತುಳಿಯೋದು. ಇದೆಲ್ಲ ಬಂಗಾರದ ಕಾಲ ಅಂತ ನಾನು ಹೇಳ್ತಿಲ್ಲ. ಇಳುವರಿ ಕಡಿಮೆ ಇತ್ತು, ಮಳೆ ಹೋದ ವರ್ಷ ಹೊಟ್ಟೆಗೆ ಕಷ್ಟ ಇತ್ತು. ಆದ್ರೆ ಸಾರಜನಕ ಊರೊಳಗೇ ತಿರುಗ್ತಿತ್ತು: ಹೊಲದಿಂದ ದನಕ್ಕೆ, ದನದಿಂದ ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಹೊಲಕ್ಕೆ.

1886ರಿಂದ 1888ರ ನಡುವೆ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಎಂಬ ಇಬ್ಬರು ಈ ಬೇರುಗಂಟಿನ ಗುಟ್ಟನ್ನು ಪ್ರಯೋಗ ಮಾಡಿ ತೋರಿಸಿದರು. ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ, 1899ರಲ್ಲಿ, ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಪ್ರಯೋಗ ಕ್ಷೇತ್ರ ಶುರು ಮಾಡಿಸಿದರು. ಅದರ ಹೊಣೆ ಹೊತ್ತವರು ಡಾ. ಲೆಹ್ಮನ್ ಎಂಬ ರಸಾಯನ ವಿಜ್ಞಾನಿ. ಯಾವ ಮಣ್ಣಿಗೆ ಏನು ಕೊಟ್ರೆ ಬೆಳೆ ಏನು ಹೇಳುತ್ತೆ ಅನ್ನೋದೇ ಅಲ್ಲಿನ ಮೊದಲ ಕೆಲಸ. ಇವತ್ತಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ.

ಅದೇ ಹೊತ್ತಿಗೆ ಯೂರೋಪಿನಲ್ಲಿ ಬೇರೆ ಚಿಂತೆ. ಅವರ ಹೊಲಗಳಿಗೆ ಸಾರಜನಕ ಬರ್ತಿದ್ದದ್ದು ದಕ್ಷಿಣ ಅಮೆರಿಕದಿಂದ. ಮೊದಲು ಪೆರು ದೇಶದ ದ್ವೀಪಗಳಲ್ಲಿ ಗುಡ್ಡೆ ಬಿದ್ದಿದ್ದ ಹಕ್ಕಿ ಹಿಕ್ಕೆ. ಅದು ಮುಗೀತಾ ಬಂದ ಹಾಗೆ ಚಿಲಿಯ ಮರುಭೂಮಿಯ ನೈಟ್ರೇಟ್ ಉಪ್ಪು. ಅದೂ ಮುಗಿದ್ರೆ ಗೋಧಿ ಬೆಳೆಯೋದು ಹೇಗೆ ಅಂತ 1898ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ ಎಚ್ಚರಿಕೆ ಕೊಟ್ಟರು. ನೈಟ್ರೇಟ್ ಬೇಕಿದ್ದದ್ದು ಹೊಲಕ್ಕೆ ಮಾತ್ರ ಅಲ್ಲ. ಮದ್ದುಗುಂಡಿಗೂ ಅದೇ ಬೇಕು. ನಮ್ಮ ಕಡೆ ಪೆಟ್ಲುಪ್ಪು ಅಂತೀವಲ್ಲ, ಅದೂ ನೈಟ್ರೇಟೇ.

1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನ ಹೈಡ್ರೋಜನ್ ಜೊತೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನ ಕಾರ್ಖಾನೆಗೆ ತಂದರು. 1913ರಲ್ಲಿ ಜರ್ಮನಿಯ ಒಪ್ಪೌ ಎಂಬಲ್ಲಿ ತಯಾರಿಕೆ ಶುರುವಾಯ್ತು. ಮರುವರ್ಷವೇ ಮಹಾಯುದ್ಧ. ಚಿಲಿಯ ಹಡಗು ನಿಂತು ಹೋದ ಜರ್ಮನಿ, ಇದೇ ಅಮೋನಿಯಾದಿಂದ ಸಿಡಿಮದ್ದು ಮಾಡಿಕೊಂಡು ಯುದ್ಧ ಎಳೀತು. ಗೊಬ್ಬರದ ಕಾರ್ಖಾನೆ, ಮದ್ದಿನ ಕಾರ್ಖಾನೆ ಹುಟ್ಟಿದ್ದು ಒಂದೇ ಮನೇಲಿ.

ಆದ್ರೂ ಇದನ್ನ ಬೈದು ಮುಗಿಸೋಕಾಗಲ್ಲ. ಇವತ್ತು ಪ್ರಪಂಚದ ಸುಮಾರು ಅರ್ಧ ಜನರ ಅನ್ನ ಈ ಕಾರ್ಖಾನೆ ಸಾರಜನಕದ ಮೇಲೆ ನಿಂತಿದೆ. ಆದ್ರೆ ಅದಕ್ಕೆ 400 ಡಿಗ್ರಿಗೂ ಮೀರಿದ ಬಿಸಿ ಬೇಕು, ಭಾರೀ ಒತ್ತಡ ಬೇಕು, ಹೈಡ್ರೋಜನ್‌ಗೆ ನೈಸರ್ಗಿಕ ಅನಿಲವೋ ಕಲ್ಲಿದ್ದಲೋ ಬೇಕು. ನಮ್ಮ ಅವರೆ ಗಿಡ ಅದೇ ಕೆಲಸವನ್ನ ಬಿಸಿಲು ತಿಂದುಕೊಂಡು ಹೊಲದಲ್ಲೇ ಮಾಡುತ್ತೆ. ನಿಧಾನವಾಗಿ ಮಾಡುತ್ತೆ, ಅಷ್ಟೇ.

ಈಗ ಮತ್ತೆ ನಮ್ಮ ನಾಡಿಗೆ ಬರೋಣ. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೈತರ ಕಸಕಡ್ಡಿ, ಸಗಣಿಯಿಂದ ಕಾಂಪೋಸ್ಟ್ ಮಾಡೋ ಪದ್ಧತಿ ರೂಪಿಸಿ 1931ರಲ್ಲಿ ಪುಸ್ತಕ ತಂದರು. ಅದರ ಬೆನ್ನಿಗೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ಇನ್ನೊಂದು ಪದ್ಧತಿ ಕೊಟ್ಟರು. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅದರ ಹೆಸರು "ಬೆಂಗಳೂರು ಪದ್ಧತಿ". ಗುಂಡಿಯಲ್ಲಿ ಕಸದ ಪದರ, ಸಗಣಿ ಅಥವಾ ಮಲದ ಪದರ ಹಾಕ್ತಾ ಬಂದು ಮೇಲೆ ಮಣ್ಣು ಮೆತ್ತಿ ಬಿಡೋದು. ತಿರುವಿ ಹಾಕೋ ಕೂಲಿ ಇಲ್ಲ. ಮುಚ್ಚಿರೋದ್ರಿಂದ ಸಾರಜನಕ ಗಾಳಿಗೆ ಹೋಗೋದೂ ಕಡಿಮೆ. ಬಿಸಿಲು ಮಳೆಗೆ ಬಿಟ್ಟ ನಮ್ಮ ತೆರೆದ ತಿಪ್ಪೆಯಿಂದ ಅಮೋನಿಯಾ ಹಾರುತ್ತೆ, ನೈಟ್ರೇಟ್ ಕೊಚ್ಚಿ ಹೋಗುತ್ತೆ. ಅದಕ್ಕೆ ಮದ್ದು ನಮ್ಮ ಊರಿನ ಹೆಸರಲ್ಲೇ ಎಂಬತ್ತು ವರ್ಷಕ್ಕೂ ಹಿಂದಿಂದ ಇದೆ.

ಅದೇ ಕಾಲಕ್ಕೆ ಸೀಮೆ ಗೊಬ್ಬರವೂ ಮೈಸೂರು ಸೀಮೆಗೆ ಕಾಲಿಟ್ಟಿತ್ತು. ಸ್ವಾತಂತ್ರ್ಯಕ್ಕೂ ಮೊದಲೇ ಶ್ರೀರಂಗಪಟ್ಟಣದ ಹತ್ತಿರ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಕಾರ್ಖಾನೆ ಬಂತು. ಅಂದ್ರೆ ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಎರಡೂ ದಾರಿ ತೆರೆದಿದ್ವು. ಒಂದನ್ನ ಮುಚ್ಚಿ ಇನ್ನೊಂದಕ್ಕೆ ಹೋಗಿ ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ 1951ರಲ್ಲಿ ಸಿಂದ್ರಿಯ ಸರ್ಕಾರಿ ಕಾರ್ಖಾನೆ, 1976ರಲ್ಲಿ ನಮ್ಮದೇ ಪಣಂಬೂರಿನಲ್ಲಿ ಯೂರಿಯಾ. ಇದರ ಜೊತೆಗೆ ತಳಿಯೂ ಬದಲಾಯ್ತು. ನಮ್ಮ ಹಳೇ ರಾಗಿ ತಳಿಗಳಿಗೆ ಗೊಬ್ಬರ ಜಾಸ್ತಿಯಾದ್ರೆ ಪೈರು ಎತ್ತರ ಬೆಳೆದು ಮಲಗಿಬಿಡ್ತಿತ್ತು. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ತಳಿಗೆ ಆಫ್ರಿಕಾದ ತಳಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟರು. ಕೊಟ್ಟ ಗೊಬ್ಬರಕ್ಕೆ ತೆನೆಯಲ್ಲೇ ಉತ್ತರ ಕೊಡೋ ತಳಿ. ಎಷ್ಟೋ ಮನೆಗಳಲ್ಲಿ ಕಣಜ ತುಂಬಿದ್ದು ಅದರಿಂದ. ಆ ಋಣ ನಾವು ಮರೀಬಾರದು.

ಈಗ ಮುಖ್ಯ ವಿಷಯ. 1978ರಲ್ಲಿ ಬೆಂಗಳೂರಿನ ಜಿಕೆವಿಕೆಯಲ್ಲಿ ನಮ್ಮಂಥದ್ದೇ ಮಳೆಯಾಶ್ರಿತ ಕೆಂಪು ಮಣ್ಣಲ್ಲಿ ರಾಗಿ ಮೇಲೆ ಒಂದು ದೀರ್ಘ ಪ್ರಯೋಗ ಶುರುವಾಯ್ತು. ಒಂದು ತಾಕಿಗೆ ಏನೂ ಇಲ್ಲ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಬರೀ ರಾಸಾಯನಿಕ, ಇನ್ನೊಂದಕ್ಕೆ ಎರಡೂ. ವರ್ಷಗಳು ಉರುಳಿದ ಹಾಗೆ ಬರೀ ರಾಸಾಯನಿಕ ಕೊಟ್ಟ ತಾಕಿನ ಇಳುವರಿ ಇಳೀತಾ ಬಂತು. ಎರಡೂ ಕೊಟ್ಟ ತಾಕು ಎಲ್ಲಕ್ಕಿಂತ ಮೇಲೆ ನಿಂತು, ಮಳೆ ಏರುಪೇರಾದ ವರ್ಷಗಳಲ್ಲೂ ಸ್ಥಿರವಾಗಿ ಕೊಡ್ತು. ನಮ್ಮ ವಿಜ್ಞಾನ ಹೇಳಿದ್ದು ಇದು: ಯೂರಿಯಾ ತಿಪ್ಪೆಯ ಮೇಲೆ ಹಾಕೋ ಒಗ್ಗರಣೆ, ತಿಪ್ಪೆಯ ಬದಲಿಗೆ ಅಲ್ಲ.

ಹಾಗಾದ್ರೆ ಒಗ್ಗರಣೆಯೇ ಊಟ ಆಗಿದ್ದು ಹೇಗೆ? ನನ್ನ ಲೆಕ್ಕದಲ್ಲಿ ಮೂರು ಕಾರಣ.

ಮೊದಲನೇದು ಬೆಲೆ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಹಿಡಿತ ಸಡಿಲ ಮಾಡಿದ ಸರ್ಕಾರ ಯೂರಿಯಾ ಬೆಲೆಯನ್ನ ಮಾತ್ರ ಕೈಲೇ ಇಟ್ಟುಕೊಂಡಿತು. 2010ರಲ್ಲಿ ಪೋಷಕಾಂಶ ಆಧಾರದ ಸಬ್ಸಿಡಿ ಬಂದಾಗಲೂ ಯೂರಿಯಾ ಹೊರಗೇ ಉಳೀತು. ಇವತ್ತು 45 ಕೆಜಿ ಯೂರಿಯಾ ಚೀಲ 270 ರೂಪಾಯಿ ಒಳಗೆ ಸಿಗುತ್ತೆ, 50 ಕೆಜಿ ಡಿಎಪಿಗೆ 1350. ಯಾವುದನ್ನ ಜಾಸ್ತಿ ಎರಚ್ತೀವಿ ಅಂತ ಕೇಳಬೇಕಾ? ಎರಡನೇದು ದನ. ಟ್ರ್ಯಾಕ್ಟರ್ ಬಂತು, ಎತ್ತು ಹೋಯ್ತು, ಕೊಟ್ಟಿಗೆ ಖಾಲಿ. ಮೂರನೇದು ಕೂಲಿ. ಒಂದು ಲೋಡು ತಿಪ್ಪೆ ಗೊಬ್ಬರ ತುಂಬಿ, ಹೊಡೆದು, ಹರಡೋ ಖರ್ಚಲ್ಲಿ ಎಷ್ಟು ಚೀಲ ಬರುತ್ತೆ ನೀವೇ ಲೆಕ್ಕ ಹಾಕಿ. ರೈತ ದಡ್ಡ ಅಂತ ಅಲ್ಲ. ಲೆಕ್ಕ ಹಾಗಿತ್ತು.

ಆದ್ರೆ ಆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟು ಹೋಗಿದೆ. ಹಾಕಿದ ಸಾರಜನಕದಲ್ಲಿ ಬೆಳೆಗೆ ಸಿಗೋದು ಹೆಚ್ಚುಕಡಿಮೆ ಅರ್ಧ, ಎಷ್ಟೋ ಸಲ ಅದಕ್ಕೂ ಕಡಿಮೆ. ಒಣ ಮಣ್ಣಿನ ಮೇಲೆ ಎರಚಿ ಬಿಟ್ರೆ ಅಮೋನಿಯಾ ಆಗಿ ಹಾರುತ್ತೆ. ಜೋರು ಮಳೆ ಬಂದ್ರೆ ನೈಟ್ರೇಟ್ ಆಗಿ ಕೆಳಗಿಳಿದು ಬೋರ್‌ವೆಲ್ ನೀರಿಗೆ ಸೇರುತ್ತೆ. ನೀರು ನಿಂತ ಹೊಲದಲ್ಲಿ ಗಾಳಿ ಸಿಗದ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡಿ, ಒಂದು ಭಾಗವನ್ನ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಮಾಡಿ ಮೇಲೆ ಬಿಡುತ್ತೆ. ಈ ಅನಿಲ ನೂರಕ್ಕೂ ಹೆಚ್ಚು ವರ್ಷ ಆಕಾಶದಲ್ಲಿ ಇರುತ್ತೆ. ಕೆಜಿಗೆ ಕೆಜಿ ಹೋಲಿಸಿದ್ರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ. ಅದರ ಜೊತೆಗೆ ಬರೀ ಯೂರಿಯಾ ವರ್ಷಾನುಗಟ್ಟಲೆ ಹಾಕಿದ್ರೆ, ಮೊದಲೇ ಹುಳಿ ಇರೋ ನಮ್ಮ ಕೆಂಪು ಮಣ್ಣು ಇನ್ನೂ ಹುಳಿ ಆಗುತ್ತೆ.

ಹವಾಮಾನ ಬದಲಾವಣೆ ಅಂದ್ರೆ ದೂರದ ಮಾತು ಅನ್ಕೋಬೇಡಿ. ಈಗ ಮಳೆ ಬರೋ ರೀತಿ ನೋಡ್ತಿದ್ದೀರಿ: ಮೂರು ವಾರ ಒಣಗಲು, ಆಮೇಲೆ ಒಂದೇ ರಾತ್ರಿ ಬದು ಒಡೆಯೋ ಮಳೆ. ಈ ಎರಡೂ ಯೂರಿಯಾಗೆ ಕೆಟ್ಟ ಕಾಲ. ಒಣಗಲಲ್ಲಿ ಹಾರುತ್ತೆ, ಜೋರು ಮಳೇಲಿ ಕೊಚ್ಚುತ್ತೆ. ಪೈರು ಹಳದಿ ತಿರುಗಿತು ಅಂತ ಇನ್ನೊಂದು ಚೀಲ. ಅದರಿಂದ ಇನ್ನಷ್ಟು ಅನಿಲ. ಹೀಗೆ ಗಾಣದೆತ್ತಿನ ಹಾಗೆ ಸುತ್ತುತ್ತಾ ಇದ್ದೀವಿ. ನಡುವೆ ಅನಿಲದ ಬೆಲೆ ಏರಿದ್ರೆ, ಯಾವುದೋ ದೇಶ ರಫ್ತು ನಿಲ್ಲಿಸಿದ್ರೆ, ಚೀಲವೇ ಇಲ್ಲ.

ನಾಳೆಯಿಂದ ಯೂರಿಯಾ ಬಿಡಿ ಅಂತ ನಾನು ಹೇಳಲ್ಲ. ಶ್ರೀಲಂಕಾ 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಭತ್ತ, ಟೀ ಎರಡೂ ಬಿದ್ದು, ಕೆಲವೇ ತಿಂಗಳಲ್ಲಿ ಆ ನಿರ್ಧಾರದಿಂದ ಹಿಂದೆ ಸರೀಬೇಕಾಯ್ತು. ನಾನು ಹೇಳೋದು ಲೆಕ್ಕದ ಕ್ರಮ ಬದಲಾಯಿಸಿ ಅಂತ.

ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ ಸುಮಾರು 20 ಕೆಜಿ ಸಾರಜನಕ. ಒಂದು ಚೀಲ ಯೂರಿಯಾದಲ್ಲಿ ಇರೋದೂ ಹೆಚ್ಚುಕಡಿಮೆ ಅಷ್ಟೇ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಟನ್ನಿಗೆ ಸುಮಾರು 5 ಕೆಜಿ. ಎಕರೆಗೆ 3 ಟನ್ ಹಾಕಿದ್ರೆ 15 ಕೆಜಿ. ಅದಷ್ಟೂ ಮೊದಲ ವರ್ಷವೇ ಸಿಗಲ್ಲ, ಆದ್ರೆ ಉಳಿದದ್ದು ಮಣ್ಣಲ್ಲಿ ಇರುತ್ತೆ, ಮುಂದಿನ ವರ್ಷಕ್ಕೆ ಬರುತ್ತೆ. ಅಕ್ಕಡಿ ಸಾಲಿನ ಅವರೆ, ತೊಗರಿ ಕೂಡ ಹಾಗೇ. ಕಾಳು ಬಿಡಿಸಿ, ಗಿಡವನ್ನ ಬೇರು ಸಮೇತ ಕಿತ್ತು ಒಲೆಗೆ ಹಾಕಿದ್ರೆ ಹೊಲಕ್ಕೆ ಉಳಿಯೋದು ಅಲ್ಪ. ಬುಡದಲ್ಲಿ ಕೊಯ್ದು ಬೇರು, ಉದುರಿದ ಎಲೆ ಮಣ್ಣಿಗೆ ಬಿಟ್ರೆ ಮುಂದಿನ ಬೆಳೆಗೆ ಸಿಗುತ್ತೆ.

ಹಾಗಾಗಿ ಮೊದಲು ತಿಪ್ಪೆ ಲೆಕ್ಕ, ಆಮೇಲೆ ದ್ವಿದಳ ಲೆಕ್ಕ, ಕೊರತೆ ಬಿದ್ದಷ್ಟಕ್ಕೆ ಚೀಲ. ಅದನ್ನೂ ಎರಡು ಕಂತು ಮಾಡಿ, ಹದ ಇರುವಾಗ ಹಾಕಿ ಎಡೆಕುಂಟೆ ಹೊಡೆದು ಮಣ್ಣಿಗೆ ಸೇರಿಸೋದು. ಈ ಬೇಸಿಗೇಲಿ ತಿಪ್ಪೆ ಮೇಲೆ ನಾಲ್ಕು ಬುಟ್ಟಿ ಮಣ್ಣು ಮುಚ್ಚಿದ್ರೂ ಸಾಕು, ಶುರು ಆದಂಗೆ.

ದನ ಇಲ್ಲದವರಿಗೆ ಇದು ಕಷ್ಟ, ಅದು ನಿಜ. ನಮ್ಮ ಸುತ್ತಮುತ್ತ ಕುರಿ ಮಂದೆಯವರು ಇನ್ನೂ ಬರ್ತಾರೆ. ನಾಲ್ಕು ಜನ ಒಟ್ಟಿಗೆ ಮಾತಾಡಿಕೊಂಡ್ರೆ ಅಕ್ಕಪಕ್ಕದ ಹೊಲಗಳಿಗೆ ಸಾಲಾಗಿ ಮಂದೆ ನಿಲ್ಲಿಸಬಹುದು. ಯಾರ ಹತ್ರ ನಾಟಿ ಅವರೆ, ನಾಟಿ ತೊಗರಿ ಬೀಜ ಇದೆಯೋ, ಮುಂಗಾರಿಗೆ ಮುಂಚೆ ಒಂದು ಸೇರು ಎತ್ತಿಡಿ. ನಾನು ಬಂದು ತಗೊಂಡು ಹೋಗ್ತೀನಿ, ಬೇಕಾದವರಿಗೂ ತಲುಪಿಸ್ತೀನಿ.