ಸೀಲ್ ಮರಿಯ ಕಣ್ಣೂ ಬೇಟೆಗಾರನ ಹೊಟ್ಟೆಯೂ



ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಉತ್ತರ ಅಮೆರಿಕದ ಪಾಠ ಮಾಡುತ್ತಿದ್ದಾಗ ಹಳೆಯ ಪತ್ರಿಕೆಯೊಂದರ ಚಿತ್ರವನ್ನು ತೋರಿಸಿದ್ದೆ. ಹಿಮದ ಮೇಲೆ ಹಾಲಿನಂತೆ ಬೆಳ್ಳಗಿನ ಸೀಲ್ ಮರಿ. ಅದರೆದುರು ದೊಣ್ಣೆ ಎತ್ತಿ ನಿಂತ ಮನುಷ್ಯ. "ಲೋಕದಲ್ಲಿ ಇಂತಹ ಕಟುಕರೂ ಇದ್ದಾರೆ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅವನ ಮನೆಯಲ್ಲಿ ಊಟಕ್ಕೆ ಬೇರೆ ಏನಿತ್ತು?" ಎಂದು ಕೇಳಿದ. ಉತ್ತರ ತಿಳಿಯದ ನಾನು ಅವನನ್ನು ಗದರಿ ಕೂರಿಸಿದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಕೆನಡಾದ ಪೂರ್ವತೀರದಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪವಿದೆ. ಪ್ರತಿವರ್ಷ ಫೆಬ್ರವರಿ ಕೊನೆಯಿಂದ ಮಾರ್ಚ್ ತಿಂಗಳಲ್ಲಿ ಅದರ ಸುತ್ತಲಿನ ತೇಲುವ ಮಂಜುಗಡ್ಡೆಗಳ ಮೇಲೆ ಹಾರ್ಪ್ ಸೀಲ್‌ಗಳು ಮರಿ ಹಾಕುತ್ತವೆ. ತಾಯಿ ಹಾಲೂಡಿಸುವುದು ಸುಮಾರು ಹನ್ನೆರಡು ದಿನ ಮಾತ್ರ. ಆ ಬಳಿಕ ಮರಿಯ ಬಿಳಿಯ ತುಪ್ಪಳ ಉದುರತೊಡಗುತ್ತದೆ. ಆ ಬಿಳಿಯ ತುಪ್ಪಳವೇ ಮರಿಗಳಿಗೆ ಮೃತ್ಯುವಾಯಿತು.

ವಿದ್ಯುತ್ತು ಬರುವ ಮುನ್ನ ಸೀಲ್ ಕೊಬ್ಬಿನ ಎಣ್ಣೆಯಿಂದ ದೀಪ ಉರಿಯುತ್ತಿತ್ತು, ಯಂತ್ರಗಳು ಓಡುತ್ತಿದ್ದವು. 19ನೆಯ ಶತಮಾನದ ಪೂರ್ವಾರ್ಧದ ಕೆಲವು ವರ್ಷಗಳಲ್ಲಿ ಅಲ್ಲಿ ಐದು ಲಕ್ಷಕ್ಕೂ ಮೀರಿ ಸೀಲ್‌ಗಳನ್ನು ಕೊಂದದ್ದುಂಟು. ಲಾಭವೆಲ್ಲ ಹಡಗಿನ ಒಡೆಯರಾದ ವರ್ತಕರಿಗೆ. ಪ್ರಾಣಾಪಾಯ ಬಡ ಬೆಸ್ತರಿಗೆ. 1914ರ ಮಾರ್ಚ್ ಕೊನೆಯಲ್ಲಿ 'ನ್ಯೂಫೌಂಡ್‌ಲ್ಯಾಂಡ್' ಎಂಬ ಹಡಗಿನ 132 ಬೇಟೆಗಾರರು ಹಿಮಗಾಳಿಗೆ ಸಿಲುಕಿ ಎರಡು ರಾತ್ರಿ ಮಂಜುಗಡ್ಡೆಯ ಮೇಲೆ ಉಳಿದರು. ತಮ್ಮವರು ಇನ್ನೊಂದು ಹಡಗಿನಲ್ಲಿ ಕ್ಷೇಮವಾಗಿದ್ದಾರೆಂದು ಕಪ್ತಾನ ಭಾವಿಸಿದ್ದ. ಕೇಳಿ ತಿಳಿಯಲು ನಿಸ್ತಂತು ಯಂತ್ರವಿರಲಿಲ್ಲ. ಅದರಿಂದ ಲಾಭವಿಲ್ಲವೆಂದು ಒಡೆಯರು ಅದನ್ನು ತೆಗೆಸಿಬಿಟ್ಟಿದ್ದರು. 78 ಜನ ಸತ್ತರು. ಅದೇ ಬಿರುಗಾಳಿಯ ದಿನಗಳಲ್ಲಿ 'ಸದರ್ನ್ ಕ್ರಾಸ್' ಎಂಬ ಮತ್ತೊಂದು ಹಡಗು ತನ್ನ ಎಲ್ಲ ನಾವಿಕರೊಡನೆ ಕಣ್ಮರೆಯಾಯಿತು. ನಾನು ಕಟುಕರೆಂದು ಕರೆದದ್ದು ಇಂಥವರ ಮೊಮ್ಮಕ್ಕಳನ್ನು.

ಹಾಗೆಂದು ಕ್ರೌರ್ಯವೇ ಇರಲಿಲ್ಲವೆಂದು ಹೇಳಲಾಗದು. 1964ರಲ್ಲಿ ಮ್ಯಾಗ್ಡಲೀನ್ ದ್ವೀಪಗಳ ಬೇಟೆಯ ಚಲನಚಿತ್ರವೊಂದು ಕೆನಡಾದ ದೂರದರ್ಶನದಲ್ಲಿ ಪ್ರಸಾರವಾಯಿತು. ಜೀವಂತ ಸೀಲ್‌ನ ಚರ್ಮ ಸುಲಿಯುವ ದೃಶ್ಯವನ್ನು ಕಂಡು ಜನ ತತ್ತರಿಸಿದರು. ಆ ದೃಶ್ಯಕ್ಕಾಗಿ ತನಗೆ ಹಣ ಕೊಟ್ಟಿದ್ದರೆಂದು ಬೇಟೆಗಾರನೊಬ್ಬ ಅನಂತರ ಹೇಳಿಕೆ ಕೊಟ್ಟ. ಆದರೆ ಅಷ್ಟರಲ್ಲಿ ಚಿತ್ರವು ಲೋಕವನ್ನೆಲ್ಲ ಸುತ್ತಿಬಂದಿತ್ತು. ಇತರ ವೀಕ್ಷಕರು ಕಂಡ ಹಿಂಸೆಯೂ ಸುಳ್ಳಾಗಿರಲಿಲ್ಲ. ಬ್ರಿಯಾನ್ ಡೇವಿಸ್ ಎಂಬವರು 1969ರಲ್ಲಿ ಪ್ರಾಣಿ ಕಲ್ಯಾಣಕ್ಕಾಗಿ ಅಂತರರಾಷ್ಟ್ರೀಯ ನಿಧಿಯೊಂದನ್ನು ಸ್ಥಾಪಿಸಿ ಹೋರಾಟಕ್ಕಿಳಿದರು. 1977ರಲ್ಲಿ ಫ್ರಾನ್ಸಿನ ಚಿತ್ರತಾರೆ ಬ್ರಿಜಿಟ್ ಬಾರ್ಡೋ ಸ್ವತಃ ಹಿಮದ ಮೇಲಿಳಿದರು. ಸೀಲ್‌ಗಳ ಸಂಖ್ಯೆಯೂ ಕುಸಿದಿದ್ದುದರಿಂದ ಸರಕಾರವು 1971ರಿಂದಲೇ ಬೇಟೆಗೆ ಮಿತಿ ಹಾಕಿತ್ತು.

1983ರಲ್ಲಿ ಯುರೋಪಿನ ಆರ್ಥಿಕ ಸಮುದಾಯವು ಬಿಳಿ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಕೆನಡಾ ಸರಕಾರ ನೇಮಿಸಿದ ಆಯೋಗವು 1986ರಲ್ಲಿ ವರದಿ ನೀಡಿತು. ಸರಿಯಾಗಿ ಹೊಡೆದರೆ ದೊಣ್ಣೆಯ ಪೆಟ್ಟು ಕಸಾಯಿಖಾನೆಯ ವಿಧಾನಗಳಿಗಿಂತ ಹೆಚ್ಚು ಕ್ರೂರವಲ್ಲ; ಆದರೂ ಹಾಲುಗೂಸುಗಳ ವಧೆ ಜನಮನಕ್ಕೆ ಒಪ್ಪಿಗೆಯಾಗದ ಕಾರಣ ಅದು ನಿಲ್ಲಬೇಕು, ಎಂಬುದು ಅದರ ತಾತ್ಪರ್ಯ. 1987ರಲ್ಲಿ ಬಿಳಿ ಮರಿಗಳ ವಾಣಿಜ್ಯ ಬೇಟೆ ಕೆನಡಾದಲ್ಲಿ ನಿಂತಿತು. ಇದು ಚಳವಳಿಯ ನಿಜವಾದ ಜಯ. ಬೆಳೆದ ಮರಿಗಳ ಬೇಟೆ ಮಾತ್ರ ಮುಂದುವರಿಯಿತು.

ಇನ್ನು ಈ ಕಥೆಯ ಮರೆತ ಅಧ್ಯಾಯ. ಉತ್ತರಧ್ರುವದ ಬಳಿಯ ಇನುಯಿಟ್ ಜನ ಈ ಬಿಳಿ ಮರಿಗಳನ್ನು ಕೊಲ್ಲುತ್ತಿರಲಿಲ್ಲ. ಅವರು ಬೇಟೆಯಾಡುತ್ತಿದ್ದುದು ಮುಖ್ಯವಾಗಿ ರಿಂಗ್ಡ್ ಸೀಲ್ ಎಂಬ ಬೇರೆ ಜಾತಿಯನ್ನು. ಮಾಂಸ ಊಟಕ್ಕೆ, ಚರ್ಮ ಉಡುಪಿಗೆ. ಮಿಕ್ಕ ಚರ್ಮವನ್ನು ಮಾರಿ ಬೇಟೆಗೆ ಬೇಕಾದ ಇಂಧನ, ತೋಟಾ ಕೊಳ್ಳುತ್ತಿದ್ದರು. ಬೆಳೆ ಬಾರದ ಆ ನೆಲದಲ್ಲಿ ಅನ್ನವೆಂದರೆ ಅದೇ. 1983ರ ಕಾನೂನು ಅವರಿಗೆ ವಿನಾಯಿತಿ ಕೊಟ್ಟಿತ್ತು, ಆದರೆ ಕಾಗದದ ಮೇಲೆ. ಪೇಟೆಯಲ್ಲಿ ಚರ್ಮ ನೋಡಿ ಮೂಗು ಮುರಿಯುವ ಗಿರಾಕಿ ಜಾತಿ, ಊರು ವಿಚಾರಿಸುತ್ತಾನೆಯೇ? ಬೆಲೆ ಪಾತಾಳಕ್ಕಿಳಿಯಿತು, ಇನುಯಿಟ್ ಹಳ್ಳಿಗಳ ವರಮಾನ ಬತ್ತಿತು. 2014ರಲ್ಲಿ ಕೆನಡಾದ ಗ್ರೀನ್‌ಪೀಸ್ ಸಂಸ್ಥೆ ತನ್ನ ಹಿಂದಿನ ಪ್ರಚಾರದಿಂದಾದ ಈ ಹಾನಿಗಾಗಿ ಇನುಯಿಟ್ ಜನರ ಕ್ಷಮೆ ಕೇಳಿತು. ತಪ್ಪೊಪ್ಪಿಕೊಂಡದ್ದು ದೊಡ್ಡ ಗುಣವೇ. ಆದರೆ ನಡುವೆ ಮೂರು ದಶಕಗಳು ಸಂದಿದ್ದವು.

ಇತ್ತ ನ್ಯೂಫೌಂಡ್‌ಲ್ಯಾಂಡಿನಲ್ಲಿ 1992ರಲ್ಲಿ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಲಾಯಿತು. ಮಿತಿಮೀರಿ ಹಿಡಿದು ಕಡಲು ಬರಿದಾಗಿತ್ತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಮೀನು ತಿನ್ನುವುದು ಸೀಲ್ ಎಂಬ ದೂರೆದ್ದಿತು; ಮನುಷ್ಯ ತಿಂದದ್ದಕ್ಕೆ ಲೆಕ್ಕವಿರಲಿಲ್ಲ! 1996ರಿಂದ ಬೇಟೆ ಮತ್ತೆ ಬೆಳೆದು, 2004ರಲ್ಲಿ ಮೂರೂವರೆ ಲಕ್ಷ ದಾಟಿತು. ಮೊದಲು ಪ್ರಜ್ಞೆ ತಪ್ಪಿಸಬೇಕು, ತಲೆಬುರುಡೆ ಮುಟ್ಟಿ ಖಚಿತಪಡಿಸಿಕೊಳ್ಳಬೇಕು, ರಕ್ತ ಹರಿಸಿದ ಮೇಲೆಯೇ ಚರ್ಮ ಸುಲಿಯಬೇಕು ಎಂಬ ನಿಯಮವನ್ನು 2009ರಲ್ಲಿ ಬಿಗಿಗೊಳಿಸಲಾಯಿತು. ಓಲಾಡುವ ಹಿಮದ ಮೇಲೆ, ದೂರದಿಂದ ಗುಂಡು ಹಾರಿಸುವಾಗ ಇದು ಸಾಧ್ಯವೇ, ಗಾಯಗೊಂಡು ನೀರಿಗಿಳಿದ ಜೀವದ ಗತಿಯೇನು ಎಂಬುದು ವಿರೋಧಿಗಳ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ.

ಅದೇ 2009ರಲ್ಲಿ ಯುರೋಪು ಒಕ್ಕೂಟವು ವಾಣಿಜ್ಯ ಬೇಟೆಯ ಎಲ್ಲ ಸೀಲ್ ಉತ್ಪನ್ನಗಳನ್ನೂ ತಡೆಯಿತು. ಕೆನಡಾ, ನಾರ್ವೆ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಯ ಮೆಟ್ಟಿಲೇರಿದವು. 2014ರ ತೀರ್ಪು ಸಾರ್ವಜನಿಕ ನೈತಿಕತೆಯ ಕಾರಣದಿಂದ ನಿಷೇಧ ಹೇರಬಹುದೆಂದು ಒಪ್ಪಿತು. ಆದರೆ ವಿನಾಯಿತಿಗಳಲ್ಲಿ ತಾರತಮ್ಯವಿದೆಯೆಂದು ತಿದ್ದಿಸಿತು. ಪ್ರಾಣಿಯ ನೋವು ವ್ಯಾಪಾರದ ನ್ಯಾಯದಲ್ಲಿ ತೂಕ ಪಡೆದದ್ದು ಸಣ್ಣ ಮಾತಲ್ಲ.

ಹಾಗಾದರೆ ಯಾರ ಪಕ್ಷ ಸರಿ? ತುಪ್ಪಳದ ಅಲಂಕಾರಕ್ಕಾಗಿ ಹಾಲುಗೂಸನ್ನು ಕೊಲ್ಲುವುದು ತಪ್ಪೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ಲೋಕವು ಮರುಗಿದ್ದು ಆ ಮರಿಯ ಕಣ್ಣು ನಮ್ಮ ಮಕ್ಕಳ ಕಣ್ಣಿನಂತಿದ್ದುದಕ್ಕೆ. ಮೀನಿಗೆ ಅಂತಹ ಕಣ್ಣಿಲ್ಲ, ಹಸಿದ ಇನುಯಿಟ್ ಮಗುವಿನ ಚಿತ್ರ ಪತ್ರಿಕೆಯಲ್ಲಿ ಬರಲಿಲ್ಲ. ದಯೆ ದೊಡ್ಡದು, ಕಂಡದ್ದಕ್ಕಷ್ಟೇ ಮರುಗುವ ದಯೆ ಅರ್ಧ ದಯೆ.

ಆ ಹುಡುಗ ಈಗೆಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ ಅವನಿಗೆ ನನ್ನ ಉತ್ತರವಿಷ್ಟು: ಮಗೂ, ಕೆಲವರ ಮನೆಯಲ್ಲಿ ಊಟಕ್ಕೆ ಬೇರೇನೂ ಇರಲಿಲ್ಲ, ಕೆಲವರ ಮನೆಯಲ್ಲಿ ಇತ್ತು. ಆ ವ್ಯತ್ಯಾಸವನ್ನು ವಿಚಾರಿಸದೆ ನಾನು ತೀರ್ಪು ಕೊಟ್ಟಿದ್ದೆ. ನೀನು ಕೇಳಿದ್ದೇ ಸರಿ. ಈಗ ಕುಳಿತುಕೋ ಎನ್ನುವುದಿಲ್ಲ. ಎದ್ದು ನಿಂತು ಇನ್ನಷ್ಟು ಕೇಳು.