ಗಿರ್ ಸಿಂಹದ ಎರಡನೆಯ ಮನೆ

ಸಿಂಹವು ನಮ್ಮ ರಾಷ್ಟ್ರಲಾಂಛನದಲ್ಲಿದೆ, ಹೊಯ್ಸಳರ ಲಾಂಛನದಲ್ಲಿದೆ, ನರಸಿಂಹನೆಂಬ ಹೆಸರಿನಲ್ಲಿ ಮನೆಮನೆಯಲ್ಲಿದೆ. ಆದರೆ ನರ್ಮದೆಯ ದಕ್ಷಿಣಕ್ಕೆ ಅದು ನೆಲೆಸಿತ್ತೆನ್ನುವುದಕ್ಕೆ ದೃಢವಾದ ದಾಖಲೆಯಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕಣ್ಣಾರೆ ಕಾಣದ ಪ್ರಾಣಿಯನ್ನೇ ಕಲ್ಲಿನಲ್ಲಿ ಕಡೆದಿರಬೇಕು. ಉತ್ತರ ಭಾರತದಲ್ಲಿ ಮಾತ್ರ ಹತ್ತೊಂಬತ್ತನೆಯ ಶತಮಾನದವರೆಗೂ ಸಿಂಹಗಳಿದ್ದವು. ಬಂದೂಕು ಅವುಗಳನ್ನು ಮುಗಿಸಿತು. ಕೊನೆಗೆ ಜುನಾಗಢ ಸಂಸ್ಥಾನದ ಗಿರ್ ಅರಣ್ಯದಲ್ಲಿ ಬೆರಳೆಣಿಕೆಯಷ್ಟು ಉಳಿದಾಗ ಅಲ್ಲಿನ ನವಾಬರು ಬೇಟೆಗೆ ಕಡಿವಾಣ ಹಾಕಿದರು. ಇಂದು ಆಫ್ರಿಕದ ಹೊರಗೆ ಕಾಡಿನಲ್ಲಿ ಬದುಕಿರುವ ಸಿಂಹಗಳೆಲ್ಲವೂ ಆ ಅಳಿದುಳಿದವುಗಳ ಸಂತತಿಯೇ.

ಒಂದೇ ಕಾಡಿನಲ್ಲಿ, ಒಂದೇ ವಂಶದಿಂದ ಬಂದ ಪ್ರಾಣಿಗಳಿಗೆ ಒಂದು ಸಾಂಕ್ರಾಮಿಕ ರೋಗ ತಗುಲಿದರೆ ಗತಿಯೇನು? ಈ ಪ್ರಶ್ನೆ ಸ್ವತಂತ್ರ ಭಾರತದ ಹಿರಿಯರಿಗೆ ಬಹು ಬೇಗನೆ ಹೊಳೆದಿತ್ತೆಂಬುದು ಗಮನಾರ್ಹ. 1957ರಲ್ಲಿ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ಗಿರ್‌ನಿಂದ ಉತ್ತರಪ್ರದೇಶಕ್ಕೆ ಸಾಗಿಸಿ, ಅಂದಿನ ವಾರಾಣಸಿ ಜಿಲ್ಲೆಯ ಚಂದ್ರಪ್ರಭಾ ಅಭಯಾರಣ್ಯದಲ್ಲಿ ಬಿಡಲಾಯಿತು. ಅವು ಮರಿ ಹಾಕಿದವು. 1965ರ ವೇಳೆಗೆ ಹನ್ನೊಂದಾದವು. ಆಮೇಲೆ ಕಾಣೆಯಾದವು! ಗುಂಡಿಗೆ ಸಿಕ್ಕವೋ, ದನಗಾಹಿಗಳು ಇಟ್ಟ ವಿಷವನ್ನು ತಿಂದವೋ, ಖಚಿತವಾಗಿ ಹೇಳುವವರಿಲ್ಲ. ಅಭಯಾರಣ್ಯವೋ ನೂರು ಚದರ ಕಿಲೋಮೀಟರಿಗೂ ಚಿಕ್ಕದು; ಬೆಳೆದ ಸಿಂಹಗಳು ಹೊರಗೆ ಕಾಲಿಡಲೇಬೇಕಿತ್ತು. ಅವುಗಳ ಹೆಜ್ಜೆ ಹಿಡಿದು ನಡೆದು, ಕ್ರಮವಾಗಿ ಲೆಕ್ಕ ಬರೆದಿಡುವ ಏರ್ಪಾಡು ಇರಲಿಲ್ಲ. ಹುಲಿ ಸಂರಕ್ಷಣೆಗೆ ಸಿಕ್ಕ ಗಮನದ ಹತ್ತರಲ್ಲೊಂದು ಪಾಲು ಈ ಹನ್ನೊಂದಕ್ಕೆ ಸಿಕ್ಕಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಹಳೆಯ ಭಯ ಸುಳ್ಳಲ್ಲವೆಂಬುದು 1994ರಲ್ಲಿ ಪ್ರಕಟವಾಯಿತು. ಆಫ್ರಿಕದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಸಿಂಹಗಳಿಗೆ ಹರಡಿ, ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಸತ್ತವು. ಅದೇ ದಶಕದಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ತಜ್ಞರು ಹಲವು ಕಾಡುಗಳನ್ನು ಪರಿಶೀಲಿಸಿ, ಮಧ್ಯಪ್ರದೇಶದ ಕೂನೋ ಅರಣ್ಯವನ್ನು ಸಿಂಹದ ಎರಡನೆಯ ಮನೆಗೆ ಆರಿಸಿದರು.

ಕಾಡನ್ನು ಸಿದ್ಧಪಡಿಸುವುದೆಂದರೆ ಅಲ್ಲಿನ ಜನರನ್ನು ಹೊರಡಿಸುವುದು. 1990ರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಕೂನೋದ 24 ಹಳ್ಳಿಗಳ ಸುಮಾರು 1500 ಕುಟುಂಬಗಳು ಕಾಡಿನಂಚಿನ ಹೊರನೆಲಕ್ಕೆ ಬಂದವು. ಇವರಲ್ಲಿ ಹೆಚ್ಚಿನವರು ಸಹರಿಯಾ ಬುಡಕಟ್ಟಿನವರು. ಮರದ ಅಂಟು ಸಂಗ್ರಹಿಸಿ ಮಾರುವುದು ಅವರಿಗೆ ನಗದು ತರುತ್ತಿದ್ದ ಕಸುಬು, ಅದು ದೂರವಾಯಿತು. ತಮ್ಮ ದನಗಳಲ್ಲಿ ಅನೇಕವನ್ನು ಅವರು ಹಿಂದೆಯೇ ಬಿಟ್ಟುಬಂದರು. ಆ ದನಗಳು ಕಾಡುಬಿದ್ದವು, ಮುಂದೆ ಬರುವ ಸಿಂಹಕ್ಕೆ ಆಹಾರವಾದಾವೆಂದು ಅಧಿಕಾರಿಗಳು ಎಣಿಸಿದರು. ಇಷ್ಟೆಲ್ಲ ಆದರೂ ಸಿಂಹ ಬರಲಿಲ್ಲ.

ಗುಜರಾತ್ ಸರ್ಕಾರವು ಕೊಡಲು ಒಪ್ಪಲಿಲ್ಲ. ಗಿರ್‌ನಲ್ಲಿ ಅವು ಸುರಕ್ಷಿತವಾಗಿವೆ, ಜನರೂ ಅವುಗಳನ್ನು ಮನೆಯವರಂತೆ ಕಾಣುತ್ತಾರೆ ಎಂಬುದು ಅದರ ವಾದ. ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ, ದನ ಕಳೆದುಕೊಂಡರೂ ಸಿಂಹವನ್ನು ಸಹಿಸುವ ಅಲ್ಲಿನ ಮಾಲ್ಧಾರಿ ಪಶುಪಾಲಕರ ಗುಣ ದೊಡ್ಡದು. ಆದರೆ ವನ್ಯಮೃಗವು ಒಂದು ರಾಜ್ಯದ ಸ್ವತ್ತೆಂಬ ಭಾವನೆ ಸರಿಯೆನಿಸದು. ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್‌ನಲ್ಲಿ, ಆರು ತಿಂಗಳೊಳಗೆ ಕೆಲವು ಸಿಂಹಗಳನ್ನು ಕೂನೋಗೆ ಕಳುಹಿಸಬೇಕೆಂದು ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ಆಫ್ರಿಕದ ಚೀತಾಗಳನ್ನು ತರುವ ಯೋಜನೆಯನ್ನು ತಳ್ಳಿಹಾಕಿತು. ಇತಿಹಾಸವು ನಡೆದದ್ದು ತಿರುವುಮುರುವಾಗಿ. 2018ರಲ್ಲಿ ಗಿರ್‌ನಲ್ಲೇ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು, ಹಲವುಗಳಲ್ಲಿ ಅದೇ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಆಗಲೂ ಸಿಂಹ ಹೊರಡಲಿಲ್ಲ. 2020ರಲ್ಲಿ ನ್ಯಾಯಾಲಯವು ಚೀತಾ ಪ್ರಯೋಗಕ್ಕೆ ಅನುಮತಿಯಿತ್ತಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ಎಂಟು, ಮರುವರ್ಷ ದಕ್ಷಿಣ ಆಫ್ರಿಕದಿಂದ ಹನ್ನೆರಡು ಚೀತಾಗಳು ಸಿಂಹಕ್ಕೆಂದು ತೆರವಾದ ಕೂನೋದಲ್ಲಿ ಬಂದಿಳಿದವು.

ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿತವಾದ ಚೀತಾ ಮರಳಿದ್ದು ಸಂತೋಷವೇ. ಸಾಗರದಾಚೆಯಿಂದ ಅದನ್ನು ತರಬಲ್ಲವರಿಗೆ ನೆರೆರಾಜ್ಯದಿಂದ ನಾಲ್ಕು ಸಿಂಹಗಳನ್ನು ತರಲಾಗಲಿಲ್ಲವೆಂಬುದು ಮಾತ್ರ ವಿಚಿತ್ರ. 2025ರ ಗಣತಿಯಲ್ಲಿ ಗುಜರಾತಿನ ಸಿಂಹಗಳ ಸಂಖ್ಯೆ 891ಕ್ಕೇರಿತು. ಅವುಗಳಲ್ಲಿ ಬಹಳಷ್ಟು ಈಗ ಸಂರಕ್ಷಿತ ಕಾಡಿನ ಹೊರಗೆ, ಹೊಲ, ತೋಟ, ಕಡಲತೀರಗಳಲ್ಲಿ ಓಡಾಡುತ್ತವೆ. ಪೋರಬಂದರ್ ಸಮೀಪದ ಬರ್ಡಾ ಅಭಯಾರಣ್ಯಕ್ಕೂ ಕೆಲವು ತಾವಾಗಿಯೇ ನಡೆದುಹೋಗಿವೆ. ಗುಜರಾತ್ ಸರ್ಕಾರವು ಈಗ ಅದನ್ನೇ ಎರಡನೆಯ ಮನೆಯೆಂದು ಕರೆಯುತ್ತಿದೆ. ಅದೂ ಸೌರಾಷ್ಟ್ರದೊಳಗೇ ಇದೆ.