ಚುನಾವಣೆಯ ಕೂಲಿ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರ ಮಾತು. ಗೃಹಕೃತ್ಯದಲ್ಲಿ ಸದ್ಗುಣವೆನಿಸುವ ಈ ನೀತಿಯು, ಪ್ರಜೆಯು ತನ್ನ ಮತವನ್ನು ಕೊಡುವೆಡೆಯಲ್ಲಿ ಉರುಲಾಗಲೂಬಹುದು. ಚುನಾವಣೆಯಲ್ಲಿ ದುಡಿದವನಿಗೆ ಸಲ್ಲುವ ಕೂಲಿಗೂ ಅವನ ಮತಕ್ಕೆ ಕಟ್ಟುವ ಬೆಲೆಗೂ ನಡುವೆ ಗೆರೆಯನ್ನು ಎಲ್ಲಿ ಎಳೆಯತಕ್ಕದ್ದು? ಇಂಗ್ಲೆಂಡಿನವರು ಈ ತೊಡಕನ್ನು ಬಿಡಿಸಲು ಯತ್ನಿಸಿದ ಕಥೆಯು ವಾಚಕರ ವಿಚಾರಕ್ಕೆ ಯೋಗ್ಯವೆಂದು ಇಲ್ಲಿ ಸಂಗ್ರಹಿಸಿದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಚುನಾವಣೆ ಬಂದಿತೆಂದರೆ ಎಷ್ಟೋ ಪಟ್ಟಣಗಳಿಗೆ ಸುಗ್ಗಿಯೇ ಬಂದಂತಾಗುತ್ತಿದ್ದಿತು. ವಕೀಲನು ಉಮೇದುವಾರನ ಏಜೆಂಟನಾಗಿ ಫೀಜು ಪಡೆಯುವನು. ಗುಮಾಸ್ತರು ಪಟ್ಟಿಗಳನ್ನು ಬರೆಯುವರು. ಮನೆಮನೆಗೆ ಹೋಗಿ ಮತ ಯಾಚಿಸುವವರು, ಓಲೆ ಒಯ್ಯುವವರು, ಬಾವುಟ ಹಿಡಿಯುವವರು, ವಾದ್ಯ ನುಡಿಸುವವರು, ಇವರೆಲ್ಲರಿಗೂ ಕೂಲಿ ದೊರೆಯುವುದು. ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಜನರನ್ನು ಹಿಡಿಯುವುದು ವಾಡಿಕೆಯಾಗಿದ್ದಿತು. ಏಕೆಂದರೆ ಕೂಲಿಗೆ ಬಂದವನು ಮತದಾರನೂ ಆಗಿರುತ್ತಿದ್ದನು. ಲಂಚವೆಂದು ಕೊಟ್ಟರೆ ಅಪರಾಧವಾಗುವ ಹಣವು ಸಂಬಳವೆಂಬ ಹೆಸರಿನಿಂದ ಸುಲಭವಾಗಿ ಕೈ ಸೇರುತ್ತಿದ್ದಿತು.

ಕೂಲಿ ಪಡೆದವನು ಮತ ಕೊಡಕೂಡದೆಂದು 1867ರ ಸುಧಾರಣಾ ಕಾಯಿದೆಯು ವಿಧಿಸಿತು. 1872ರಲ್ಲಿ ಗುಪ್ತ ಮತದಾನವು ಬಂದಿತು. ಆದರೂ ರೋಗವು ವಾಸಿಯಾಗಲಿಲ್ಲ. 1880ರ ಚುನಾವಣೆಗೆ ಉಮೇದುವಾರರು ತೋರಿಸಿದ ವೆಚ್ಚವೇ ಸುಮಾರು 17 ಲಕ್ಷ ಪೌಂಡು. ಆ ವರ್ಷದ ಅಕ್ರಮಗಳನ್ನು ವಿಚಾರಿಸಲು ಆಯೋಗಗಳು ನೇಮಕವಾದುವು. ಸ್ಯಾಂಡ್‌ವಿಚ್, ಮ್ಯಾಕಲ್ಸ್‌ಫೀಲ್ಡ್ ಎಂಬೆರಡು ಪಟ್ಟಣಗಳು 1885ರಲ್ಲಿ ತಮ್ಮ ಪ್ರತ್ಯೇಕ ಪ್ರಾತಿನಿಧ್ಯವನ್ನೇ ಕಳೆದುಕೊಂಡುವು.

ಗ್ಲ್ಯಾಡ್‌ಸ್ಟನ್ನನ ಮಂತ್ರಿಮಂಡಲದಲ್ಲಿ ಅಟಾರ್ನಿ ಜನರಲ್ ಆಗಿದ್ದ ಸರ್ ಹೆನ್ರಿ ಜೇಮ್ಸನು 1883ರಲ್ಲಿ ತಂದ ಕಾಯಿದೆಯು ಈ ಮರದ ಬುಡಕ್ಕೇ ಕೊಡಲಿಯಿಟ್ಟಿತು. ವೆಚ್ಚಕ್ಕೆ ಮಿತಿಯನ್ನು ಗೊತ್ತುಮಾಡಿದ್ದಲ್ಲದೆ, ಕೂಲಿಯಾಳುಗಳನ್ನೂ ಎಣಿಸಿಟ್ಟಿತು. ಉಮೇದುವಾರನಿಗೆ ಒಬ್ಬ ಏಜೆಂಟು; ಮತಗಟ್ಟೆಗೆ ಒಬ್ಬ ಪ್ರತಿನಿಧಿ; ಪಟ್ಟಣದ ಕ್ಷೇತ್ರಗಳಲ್ಲಿ 500 ಮತದಾರರಿಗೆ ಒಬ್ಬ ಗುಮಾಸ್ತನೂ ಒಬ್ಬ ಜವಾನನೂ. ಇವರು ಸಂಬಳ ಪಡೆದರೆ ಮತ ಕೊಡುವಂತಿಲ್ಲ. ಮತಯಾಚನೆಗೆ ಕೂಲಿ, ಬಂಡಿಗೆ ಬಾಡಿಗೆ, ವಾದ್ಯ ಬಾವುಟಗಳಿಗೆ ಹಣ, ಇವೆಲ್ಲವೂ ನಿಷಿದ್ಧವಾದುವು. ಮತದಾರರ ಸಂಖ್ಯೆಯು ಸುಮಾರು 30 ಲಕ್ಷದಿಂದ 57 ಲಕ್ಷಕ್ಕೆ ಏರಿದ್ದರೂ 1885ರ ಚುನಾವಣೆಯ ವೆಚ್ಚವು ಸುಮಾರು 10 ಲಕ್ಷ ಪೌಂಡಿಗೆ ಇಳಿಯಿತು.

ಕಾಯಿದೆಯು ಗೆದ್ದಿತು, ನಿಜ. ಆದರೆ ಕೂಲಿ ನಿಂತರೆ ಕೆಲಸ ನಿಲ್ಲುವುದೆ? ಮನೆಮನೆಯ ಬಾಗಿಲನ್ನು ತಟ್ಟಲು ಯಾರಾದರೂ ಬೇಕೇ ಬೇಕಾಯಿತು. ಅದೇ 1883ರಲ್ಲಿ ಹುಟ್ಟಿದ ಕನ್ಸರ್ವೇಟಿವ್ ಪಕ್ಷದ ಪ್ರಿಮ್‌ರೋಸ್ ಸಂಘವು ಸ್ತ್ರೀಯರನ್ನು ಈ ಸೇವೆಗೆ ಕರೆಯಿತು. ಲಿಬರಲ್ ಪಕ್ಷದ ಸ್ತ್ರೀಯರೂ ಹಿಂದೆಬೀಳಲಿಲ್ಲ. ಕೂಲಿ ಪಡೆದ ಗಂಡಸಿಗೆ ಆ ಚುನಾವಣೆಯಲ್ಲಿ ಮತವಿಲ್ಲ; ಕೂಲಿಯಿಲ್ಲದೆ ದುಡಿದ ಹೆಂಗಸಿಗೆ ಮೊದಲೇ ಮತವಿಲ್ಲ. ಆಕೆಗೆ ಪಾರ್ಲಿಮೆಂಟಿನ ಮತವು ದೊರೆತುದು 1918ರಲ್ಲಿ, ಅದೂ ಮೂವತ್ತು ವರ್ಷ ತುಂಬಿ ಇತರ ಅರ್ಹತೆಯೂ ಇದ್ದವಳಿಗೆ ಮಾತ್ರ. ಗಂಡಸರಿಗೆ ಸಮನಾಗಿ ದೊರೆತುದು 1928ರಲ್ಲಿ.

ಇನ್ನೊಂದು ಪರಿಣಾಮವೂ ಉಂಟು. ಬಿಟ್ಟಿಯ ಸೇವೆಯು ಬಿಡುವುಳ್ಳವರಿಗೆ ಸಾಧ್ಯ. ದಿನದ ಅನ್ನವನ್ನು ದಿನವೂ ಗಳಿಸುವವನಿಗೆ ಕಷ್ಟ. ಗೆದ್ದ ಸದಸ್ಯನಿಗೂ 1911ರವರೆಗೆ ಸಂಬಳವಿರಲಿಲ್ಲ. ಆ ವರ್ಷ 400 ಪೌಂಡಿನ ವಾರ್ಷಿಕ ವೇತನವು ಗೊತ್ತಾದ ಮೇಲೆಯೇ ಬಡವನ ಮಗನ ದಾರಿಯು ಕೊಂಚ ಸುಗಮವಾಯಿತು. ಇತ್ತ ಹಂಗಾಮಿನ ಕೂಲಿಗಳು ಮರೆಯಾದಂತೆ, ವರ್ಷವೆಲ್ಲ ದುಡಿಯುವ ಪಕ್ಷದ ಏಜೆಂಟನ ವೃತ್ತಿಯು ಬೆಳೆಯಿತು; ಕನ್ಸರ್ವೇಟಿವ್ ಏಜೆಂಟರು 1891ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ನಮ್ಮ ದೇಶದ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೂಲರೂಪದಲ್ಲಿಯೂ ಸಂಬಳದ ಆಳುಗಳ ಸಂಖ್ಯೆಗೆ ಕಟ್ಟು ಇಡುವ ಏರ್ಪಾಡಿದ್ದಿತು. ಇಂದು ನಮ್ಮ ಮನೆಗಳ ವಿದ್ಯಾವಂತ ಮಕ್ಕಳಿಗೆ ಪ್ರಚಾರಕಾರ್ಯವೂ ಒಂದು ಉದ್ಯೋಗವಾಗಿದೆ. ಬೆವರಿಗೆ ತಕ್ಕ ಕೂಲಿಯನ್ನು ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಕೊಡುವವನು ದುಡಿಮೆಯನ್ನು ಕೊಳ್ಳುತ್ತಾನೆಯೋ ದುಡಿಯುವವನನ್ನೋ ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ಉಂಡ ಮನೆಯ ಋಣವು ಕೆಲಸದಿಂದ ತೀರುವುದು, ಮತದಿಂದ ತೀರಿಸತಕ್ಕದ್ದಲ್ಲ.